ಒಂದೇ ದನಿಯ ಮುನ್ನೂರು ಕಾಗದಗಳು

“ಗುರುಗಳೆ, ಕಾಗದದಲ್ಲಿ ಏನು ಬರೆದರೆ ಗಿರಾಕಿ ನಮ್ಮ ಅಂಗಡಿಯ ಮೆಟ್ಟಿಲು ಹತ್ತುತ್ತಾನೆ?”

ಕೇಳಿದವನು ಅಡಿವೆಪ್ಪ. ಅವನು ಕುಸುಬಿ ಎಣ್ಣೆಯ ಗಾಣ ಹಾಕಿ ಎರಡು ವರ್ಷವಾಗಿತ್ತು. ಎಣ್ಣೆಯಲ್ಲಿ ಕೊರತೆ ಇರಲಿಲ್ಲ. ಸುತ್ತಲಿನ ಊರುಗಳ ಐನೂರು ಮನೆಗಳಿಗೆ ಕಾಗದ ಅಚ್ಚು ಹಾಕಿಸಿ ಕಳಿಸಿದ್ದ. ಒಂದು ಮನೆಯಿಂದಲೂ ಉತ್ತರ ಬಂದಿರಲಿಲ್ಲ. ಈ ಸುಗ್ಗಿಯೊಳಗೆ ಗಿರಾಕಿ ಕುದುರದಿದ್ದರೆ ಗಾಣ ನಿಲ್ಲಿಸಬೇಕಾಗಿತ್ತು.

ಗುರುಗಳೆಂದರೆ ಕಾವಿ ಉಟ್ಟವರಲ್ಲ. ನಲವತ್ತು ವರ್ಷ ಪೇಟೆಯಲ್ಲಿ ಗಾದಿಯ ಮೇಲೆ ಕೂತು, ಈಗ ಅಂಗಡಿಯನ್ನು ಮಕ್ಕಳಿಗೆ ಬಿಟ್ಟು, ಕಲಿಯಲು ಬಂದವರಿಗೆ ವ್ಯಾಪಾರ ಹೇಳಿಕೊಡುತ್ತಿದ್ದ ಗುರುಸಿದ್ಧಪ್ಪನವರು. ಅಡಿವೆಪ್ಪ ಕೊಟ್ಟ ಕಾಗದವನ್ನು ಅವರು ಮೊದಲಿನಿಂದ ಕೊನೆಯವರೆಗೆ ಓದಿದರು. ಅಕ್ಷರ ದುಂಡಗಿವೆ ಎಂದರು. ಅದನ್ನು ಮಡಚಿ ಪಕ್ಕಕ್ಕಿಟ್ಟು, ಎಲೆಯಡಿಕೆಯ ತಟ್ಟೆ ಎಳೆದುಕೊಂಡು ಕತೆ ಹೇಳಿದರು.

ಒಬ್ಬ ಗಂಟೆ ವ್ಯಾಪಾರಿ ಇದ್ದ. ಅವನ ಅಜ್ಜನ ಕಾಲದಿಂದ ಆ ಮನೆಯಲ್ಲಿ ದನಗಳ ಕೊರಳಿಗೆ ಕಟ್ಟುವ ಕಂಚಿನ ಗಂಟೆ ಎರಕವಾಗುತ್ತಿತ್ತು. ಅಜ್ಜ ಎರೆದ ಮೊದಲ ಗಂಟೆ ಅಂಗಡಿಯ ಬಾಗಿಲ ಚೌಕಟ್ಟಿಗೆ ತೂಗಿತ್ತು. ಕುಲುಮೆಯಿಂದ ಹೊಸ ಗಂಟೆ ಬಂದರೆ ಅದನ್ನು ಅಜ್ಜನ ಗಂಟೆಯ ಪಕ್ಕ ಹಿಡಿದು ಬಾರಿಸಬೇಕು. ಎರಡೂ ದನಿ ಒಂದಾಗಿ ಕೇಳಿದರೆ ಅಂಗಡಿಯೊಳಗೆ. ಕೂದಲೆಳೆಯಷ್ಟು ಬೇರೆಯಾದರೂ ಕರಗಲು ತಿರುಗಿ ಮೂಸೆಗೆ. ಮೂರು ತಲೆಮಾರು ಆ ನೇಮ ತಪ್ಪಿರಲಿಲ್ಲ.

ಆ ನೇಮ ಒಣ ಜಂಬದ್ದಲ್ಲ. ಬಯಲುಸೀಮೆಯ ರೈತ ಎತ್ತುಗಳನ್ನು ಜೋಡಿ ಕಟ್ಟುತ್ತಾನೆ. ಜೋಡಿ ಎತ್ತಿನ ಗಂಟೆಗಳು ಒಂದೇ ದನಿಯಲ್ಲಿ ನುಡಿದರೆ ಚಕ್ಕಡಿ ಬರುವುದು ಕೇಳುವುದಕ್ಕೇ ಒಂದು ಸೊಗಸು. ಒಂದು ಗಂಟೆ ಕಳೆದುಹೋದರೆ ಆ ರೈತ ಆರು ವರ್ಷದ ಮೇಲೆ ಬಂದರೂ ಜೊತೆ ಕೂಡುವ ಗಂಟೆ ಇಲ್ಲಿ ಸಿಗುತ್ತಿತ್ತು. ಬೇರೆ ಯಾವ ಅಂಗಡಿಯಲ್ಲೂ ಸಿಗುತ್ತಿರಲಿಲ್ಲ. ಆದ್ದರಿಂದ ವ್ಯಾಪಾರಿ ಸಂತೆಯಲ್ಲಿ ನಡೆಯುವಾಗ ಎದೆ ಮುಂದೆ ಮಾಡಿಯೇ ನಡೆಯುತ್ತಿದ್ದ. ಹಾಗೆ ನಡೆಯುವ ಹಕ್ಕು ಅವನಿಗಿತ್ತು.

ಕಾಲ ತಿರುಗಿತು. ಬಯಲಿಗೆ ಟ್ರ್ಯಾಕ್ಟರು ಬಂದವು. ಟ್ರ್ಯಾಕ್ಟರಿಗೆ ಕೊರಳಿಲ್ಲ, ಗಂಟೆ ಬೇಕಿಲ್ಲ. ನಾಲ್ಕು ಕುಲುಮೆಗಳಲ್ಲಿ ಮೂರು ಆರಿದವು. ಉಳಿದ ಒಂದರ ಮುಂದೆ ಹಿರಿಯ ಕಂಚುಗಾರ ಒಬ್ಬನೇ ಕೂತಿದ್ದ. ಒಂದು ದಿನ ಅವನು ಅಂಗಡಿಗೆ ಬಂದು ಕೇಳಿದ.

“ಸಾಹುಕಾರ್ರ, ಈ ದೀಪಾವಳಿ ಪಾಡ್ಯಕ್ಕ ಕುಲುಮಿ ಪೂಜಾ ಮಾಡೂದೋ, ಕಡೀ ನೀರು ಹಾಕಿ ಆರಸೂದೋ, ಹೇಳಿಬಿಡ್ರಿ. ನನ್ನ ಅಳಿಯ ನಳದ ಕಾರಖಾನ್ಯಾಗ ಅದಾನ. ಕರ್ಯಾಕ ಹತ್ಯಾನ.”

“ನಳ ಎರೆಯಲು ಹೋಗುತ್ತೀಯಾ?”

“ನಳ ಎರದ್ರ ನೀರರ ಬರ್ತಾವು. ಗಂಟಿ ಎರದ್ರ ಏನ್ ಬರಾಕ ಹತ್ತೇತಿ, ನೀವ ಹೇಳ್ರಿ.”

ಪಾಡ್ಯಕ್ಕೆ ಇನ್ನು ನಾಲ್ಕು ತಿಂಗಳಿತ್ತು.

ವ್ಯಾಪಾರಿ ಯೋಚಿಸಿದ. ಬಯಲಲ್ಲಿ ಎತ್ತು ಕಡಿಮೆಯಾದರೇನು, ಗುಡ್ಡದಲ್ಲಿ ಆಕಳುಗಳಿವೆ. ಗುಡ್ಡದ ಮೇಲೆ ಐದು ಹಳ್ಳಿ, ಮುನ್ನೂರು ಮನೆ. ಮನೆಮನೆಗೂ ದನ, ದನದ ಕೊರಳಿಗೆಲ್ಲ ಗಂಟೆ. ದನಗಳಿಗೆ ಸೂಜಿ ಹಾಕಲು ಹೋಗುವ ಡಾಕ್ಟರ ಹತ್ತಿರ ಮನೆಗಳ ಹೆಸರು ಬರೆದುಕೊಂಡ. ಆಮೇಲೆ ಕೂತು, ಮನಸ್ಸಿಟ್ಟು ಕಾಗದ ಬರೆದ. ಎರಡು ದಿನ ತಿದ್ದಿದ. ಮೂರು ತಲೆಮಾರಿನ ಮನೆತನ, ಅಜ್ಜನ ಹೆಸರು, ಕಂಚಿನ ಪಾಕ, ಎಲ್ಲವನ್ನೂ ಬರೆದು ಕೊನೆಗೆ ತನ್ನ ಹೆಮ್ಮೆಯ ಮಾತು ಹಾಕಿದ: ‘ನಮ್ಮ ಸಾವಿರ ಗಂಟೆ ಬಾರಿಸಿದರೂ ಒಂದೇ ದನಿ. ಕೂದಲೆಳೆಯಷ್ಟು ವ್ಯತ್ಯಾಸ ತೋರಿಸಿದವರಿಗೆ ಒಂದು ಗಂಟೆ ಇನಾಮು.’ ಅದನ್ನು ಮುನ್ನೂರು ಪ್ರತಿ ಅಚ್ಚು ಹಾಕಿಸಿದ. ಮೇಲೆ ಹೆಸರಿಗೆಂದು ಬಿಟ್ಟ ಜಾಗದಲ್ಲಿ ನೀಲಿ ಶಾಯಿಯಲ್ಲಿ ಒಂದೊಂದು ಹೆಸರು ತುಂಬಿದ. ಅಂಚೆಗೆ ಹಾಕಿದ ದಿನ ಕಂಚುಗಾರನಿಗೆ ಹೇಳಿದ: “ಮೂಸೆ ತೊಳೆದಿಡು.”

ನಲವತ್ತು ದಿನ ಕಳೆಯಿತು. ಮುನ್ನೂರು ಮನೆಯಿಂದ ಒಂದು ಸಾಲಿನ ಉತ್ತರ ಬರಲಿಲ್ಲ. ಬೇಡ ಎಂದು ಬರೆದವರೂ ಇಲ್ಲ. ಬೇಡ ಎನ್ನುವ ಗಿರಾಕಿಯನ್ನು ಒಲಿಸಬಹುದು. ಬಾಯಿ ತೆರೆಯದ ಗಿರಾಕಿಯನ್ನು ಏನು ಮಾಡುವುದು?

ವ್ಯಾಪಾರಿ ಚೀಲದಲ್ಲಿ ಒಂದು ಗಂಟೆ ಹಾಕಿಕೊಂಡು ಬಸ್ಸು ಹತ್ತಿದ. ತುತ್ತತುದಿಯ ಹಳ್ಳಿಯಲ್ಲಿ ಇಳಿದ. ಅಲ್ಲಿ ನಲವತ್ತು ಮನೆ, ಒಂದು ಶಾಲೆ, ಒಂದು ಚಹಾದಂಗಡಿ. ಅಂಗಡಿಯವನು ‘ಯಾರು ನೀವು’ ಎಂದು ಕೇಳಿದಾಗ ತಾನು ತುಪ್ಪದ ವ್ಯಾಪಾರಿ ಎಂದ. ಗುರುತು ಹೇಳಿದರೆ ಜನ ಮುಖಸ್ತುತಿ ಮಾಡುತ್ತಾರೆ, ಅದರಿಂದ ಉಪಯೋಗವಿಲ್ಲ ಎಂಬುದು ಅವನಿಗೆ ಗೊತ್ತಿತ್ತು.

ಅಂಗಡಿಯವನು ಬಿಸಿ ಮೆಣಸಿನಕಾಯಿ ಭಜಿಯನ್ನು ಕಾಗದದ ಮೇಲಿಟ್ಟು ಕೊಟ್ಟ. ಎರಡು ಭಜಿ ತಿಂದ ಮೇಲೆ ಎಣ್ಣೆ ಹೀರಿದ ಜಾಗದಲ್ಲಿ ಅಜ್ಜನ ಹೆಸರು ಕಂಡಿತು. ಮೂರನೆಯ ಭಜಿಯನ್ನು ಬದಿಗೆ ಸರಿಸಿದ.

“ಈ ಕಾಗದ ಎಲ್ಲಿಂದ ಬಂತು?” ಎಂದು ಕೇಳಿದ.

“ಅದೊಂದು ದೊಡ್ಡ ಕತಿ ಆತ್ರಿ,” ಎಂದು ಅಂಗಡಿಯವನು ಭಜಿ ತೆಗೆಯುವ ಸೌಟನ್ನು ಬಾಣಲಿಯ ಮೇಲೆ ಅಡ್ಡ ಇಟ್ಟ. “ಟಪಾಲಿನವ ಒಂದ ದಿನಾ ನಲವತ್ತೂ ಮನಿಗೆ ಕಾಗದಾ ಕೊಟ್ಟ. ಇಡೀ ಊರಿಗೆ ಹಬ್ಬ ಆತು. ಓದಾಕ ಬರಾಂವ್ರು ನಮ್ಮಲ್ಲಿ ಮಾಸ್ತರು ಒಬ್ಬರ. ಸಂಜೀಕೆ ಎಲ್ಲಾರೂ ತಮ್ಮ ತಮ್ಮ ಕಾಗದಾ ಹಿಡಕೊಂಡು ಸಾಲಿ ಕಟ್ಟಿ ಮ್ಯಾಲ ಕುಂತ್ರು. ಸಿದ್ರಾಯ ಅಂತ ಒಬ್ಬ ಅದಾನ. ಅವಗ ಹುಟ್ಟಿದ್ದಾಗಿಂದ ಯಾರೂ ಕಾಗದಾ ಬರದಿಲ್ಲ. ಹೊಸಾ ರುಮಾಲ ಸುತ್ತಿಕೊಂಡು ಬಂದಿದ್ದ.”

“ಆಮೇಲೆ?”

“ಮಾಸ್ತರು ಮೊದಲನೇದು ಓದಿದ್ರು. ಚಲೋ ಇತ್ತು. ಎರಡನೇದು ತಗದ್ರು, ಅದೂ ಅದ, ಒಂದಕ್ಷರ ಫರಕಿಲ್ಲ. ಮೂರನೇದೂ ಅದ. ಆಮ್ಯಾಲ ಮಾಸ್ತರು ಬರೇ ಹೆಸರು ಓದಾಕ ಹತ್ತಿದ್ರು. ಬಾಳವ್ವ, ಅದ. ಯಲ್ಲೋಜಿ, ಅದ. ಸಿದ್ರಾಯ, ಅದ. ರೇಶನ್ ಅಂಗಡ್ಯಾಗ ಹೆಸರು ಕೂಗಿದಂಗ ಆತು ನೋಡ್ರಿ. ಸಿದ್ರಾಯ ಎದ್ದು ಹೋಗುವಾಗ ಕಾಗದಾ ಕಟ್ಟಿ ಮ್ಯಾಲ ಬಿಟ್ಟು ಹೋದ. ಅವನ ಹಿಂದ ಎಲ್ಲಾರೂ ಬಿಟ್ಟು ಹೋದ್ರು. ನನಗ ಭಜಿ ಕೊಡಾಕ ಅನುಕೂಲ ಆತು.”

ವ್ಯಾಪಾರಿ ಮುಖ ಒರೆಸಿಕೊಂಡ. “ಬರೆದದ್ದರಲ್ಲಿ ತಪ್ಪೇನಿತ್ತು? ಗಂಟೆ ಒಳ್ಳೆಯದೇ ಇರಬಹುದಲ್ಲ.”

“ಅದನ್ನ ಹೆಣ್ಮಕ್ಕಳಿಗೆ ಕೇಳ್ರಿ. ಆ ಕಾಗದಾ ಕೇಳಿ ಹೊಟ್ಟಿ ಹಿಡಕೊಂಡು ನಕ್ಕಾರ. ಈಗ ಎಲ್ಲಾ ಊರ ಹೊರಗ ಬಂಡೆಗಲ್ಲ ಮ್ಯಾಲ ಇರ್ತಾರ.”

ಊರ ಅಂಚಿಗೆ ಒಂದು ದೊಡ್ಡ ಬಂಡೆ. ಅದರಾಚೆ ಇಳಿಜಾರು, ಇಳಿಜಾರಿನ ಕೆಳಗೆ ಕಾಡು. ಹೊತ್ತು ಇಳಿಯುವ ಸಮಯಕ್ಕೆ ಮನೆಗೊಬ್ಬಳಂತೆ ಹೆಂಗಸರು ಆ ಬಂಡೆಯ ಮೇಲೆ ನಿಲ್ಲುತ್ತಿದ್ದರು. ವ್ಯಾಪಾರಿ ಹೋಗಿ ಹಿಂದೆ ನಿಂತ. ಕಾಡಿನೊಳಗಿಂದ ಗಂಟೆಗಳ ಸದ್ದು ಬರುತ್ತಿತ್ತು. ದನ ಒಂದೂ ಕಾಣುತ್ತಿರಲಿಲ್ಲ. ಯಾರೂ ನೋಡುತ್ತಲೂ ಇರಲಿಲ್ಲ. ಕೆಲವರು ಕಣ್ಣು ಮುಚ್ಚಿದ್ದರು.

“ಬಂತು ನಮ್ಮದು,” ಎಂದು ಒಬ್ಬಳು ಹೊರಟಳು, ಕಲಗಚ್ಚು ತಯಾರು ಮಾಡಲು. “ನಮ್ಮದು ಹಳ್ಳ ದಾಟಿತು,” ಎಂದು ಇನ್ನೊಬ್ಬಳು. ಮತ್ತೊಬ್ಬಳು ಕೈ ಬಾಯಿಗಿಟ್ಟು ಎಡಕ್ಕೆ ಕೂಗಿದಳು, ಅವಳ ಗಂಟೆ ದಾರಿ ಬಿಟ್ಟಿತ್ತು. ವ್ಯಾಪಾರಿ ಕಿವಿಗೊಟ್ಟು ಕೇಳಿದ. ಹುಟ್ಟಿದಾಗಿನಿಂದ ಗಂಟೆಗಳ ನಡುವೆ ಬೆಳೆದವನು. ಅವನಿಗೆ ಕೇಳಿದ್ದು ನಲವತ್ತು ಗಂಟೆಗಳ ಒಂದು ಗದ್ದಲ.

ಹೊತ್ತು ಮುಳುಗುವಷ್ಟರಲ್ಲಿ ಎಲ್ಲರೂ ಹೋದರು. ಒಬ್ಬಳು ಉಳಿದಳು. ಅವಳು ಮಾತ್ರ ಕಣ್ಣು ಬಿಟ್ಟುಕೊಂಡು ಕಾಡಿನ ಅಂಚನ್ನು ನೋಡುತ್ತಿದ್ದಳು. ಹೆಸರು ಲಗಮವ್ವ.

“ನಿಮ್ಮದು ಇನ್ನೂ ಕೇಳಿಸಲಿಲ್ಲವೇ?” ಎಂದು ವ್ಯಾಪಾರಿ ಕೇಳಿದ.

“ನಂದು ಕೇಳ್ಸೂದಿಲ್ಲ. ಹ್ವಾದ ಮಳಿಗಾಲದಾಗ ಗಂಟಿ ಸೀಳಿತು. ಈಗ ಗಡಿಗಿ ಬಡದಂಗ ಬಡೀತೈತಿ, ಗಿಡದ ಆಚೆ ಸೈತ ಕೇಳೂದಿಲ್ಲ. ಆಕಳ ಕಣ್ಣಿಗೆ ಬೀಳೂ ತನಕ ನಿಲ್ಲಬೇಕು. ಹ್ವಾದ ತಿಂಗಳ ಆಕಳ ದಾರಿ ತಪ್ಪಿ ಕರು ಕರಕೊಂಡು ಕೊಳ್ಳಕ್ಕಿಳೀತು. ಗಂಟಿ ಇದ್ದಿದ್ರ ಕೂಗ್ತಿದ್ದೆ. ಕರೂನ ಚಿರತಿ ತಿಂತು.”

ವ್ಯಾಪಾರಿ ಚೀಲದಿಂದ ಗಂಟೆ ತೆಗೆದುಕೊಟ್ಟ. ಲಗಮವ್ವ ಅದನ್ನು ಒಮ್ಮೆ ಬಾರಿಸಿದಳು. ದನಿ ಇಳಿಜಾರಿನುದ್ದಕ್ಕೂ ಹೋಗಿ ನಿಂತಿತು.

“ಗಂಟಿ ಚಲೋ ಐತಿ,” ಎಂದಳು. “ಯಾರದು?”

“ಕೊಂಡರೆ ನಿಮ್ಮದೇ.”

“ಕೊಂಡ್ರ ಗಂಟಿ ನಂದಾಕ್ಕೈತಿ. ದನಿ ಯಾರದು?”

ವ್ಯಾಪಾರಿಗೆ ಅರ್ಥವಾಗಲಿಲ್ಲ. ಲಗಮವ್ವ ಗಂಟೆಯನ್ನು ಅವನ ಕೈಗೆ ತಿರುಗಿ ಕೊಟ್ಟಳು.

“ನಮ್ಮಲ್ಲಿ ಮನಿಗೊಂದು ದನಿ ಐತ್ರಿ. ಅತ್ತಿ ಗಂಟಿ ಸೊಸಿಗೆ. ಆಕಳ ಮಾರತೀವಿ, ಗಂಟಿ ಬಿಚ್ಚಿಟ್ಟುಕೊಂಡು ಮಾರತೀವಿ. ಒಬ್ಬ ಸಾಹುಕಾರ ಕಾಗದಾ ಬರದಾನ, ಅವನ ಸಾವಿರ ಗಂಟಿಗೂ ಒಂದ ದನಿ ಅಂತ. ಊರಾಗಿನ ಮಂದಿಗೆಲ್ಲಾ ಒಂದ ಹೆಸರಿಟ್ರ ಹೆಂಗಿರ್ತೈತಿ? ‘ಬಾರೋ’ ಅಂದ್ರ ಯಾಂವ ಬರಬೇಕು?”

ಅವಳು ಅವನ ಕೈಯನ್ನೇ ನೋಡುತ್ತಿದ್ದಳು.

“ಆ ಸಾಹುಕಾರ ನೀವ ಏನ್ರಿ?”

“ನಾನು ತುಪ್ಪದ...”

“ಗಂಟಿ ನಾಲಿಗಿ ಹಿಡಕೊಂಡು ನಿಲ್ಲಾವ್ರು ತುಪ್ಪಾ ಮಾರೂದಿಲ್ಲ ಬಿಡ್ರಿ.”

ಅವನು ಕೆಳಗೆ ನೋಡಿದ. ಗಂಟೆ ಸದ್ದು ಮಾಡದಂತೆ ಎರಡು ಬೆರಳಿನಿಂದ ಅದರ ನಾಲಗೆ ಹಿಡಿದಿದ್ದ. ಮೂವತ್ತು ವರ್ಷದ ಅಭ್ಯಾಸ.

“ಹೌದವ್ವ, ನಾನೇ,” ಎಂದ. “ಗಂಟೆ ವ್ಯಾಪಾರ ಹೀಗೇ ನಡೆದರೆ ಮುಂದೆ ತುಪ್ಪವನ್ನೇ ಮಾರಬೇಕಾದೀತು.”

ಲಗಮವ್ವ ನಕ್ಕಳು. ಆಮೇಲೆ ಅವನು ಕೇಳಬೇಕಾದದ್ದನ್ನು ಕೇಳಿದ. ನಿಮ್ಮ ಗಂಟೆಯ ದನಿ ಹೇಗಿತ್ತು ಎಂದ. ಅವಳು ಕಣ್ಣು ಮುಚ್ಚಿ ಹೇಳಿದಳು: “ಬರೇ ಕೊಡಕ್ಕ ಮೊದಲ ನೀರು ಬೀಳ್ತೈತಲ್ಲ, ಹಂಗ. ಆದ್ರ ಸ್ವಲ್ಪ ತಡದು.” ಒಡೆದ ಗಂಟೆಯನ್ನು ಕೊಡಿ, ಕುಲುಮೆಯಲ್ಲಿ ತೋರಿಸುತ್ತೇನೆ ಎಂದರೆ ಅವಳು ಒಪ್ಪಲಿಲ್ಲ. ಮನೆಯ ಗಂಟೆ ಊರ ಗಡಿ ದಾಟುವಂತಿಲ್ಲ. ಆಕಳು ಬಂದ ಮೇಲೆ ಅದರ ಕೊರಳಲ್ಲೇ ಗಂಟೆಯ ಬಾಯಿಗೂ ಎತ್ತರಕ್ಕೂ ದಾರ ಹಿಡಿದು, ಎರಡು ಗಂಟು ಹಾಕಿ, ಆ ದಾರವನ್ನು ಕಿಸೆಯಲ್ಲಿಟ್ಟುಕೊಂಡು ಅವನು ಕಡೆಯ ಬಸ್ಸು ಹಿಡಿದ.

ಕಂಚುಗಾರ ದಾರವನ್ನು ನೋಡಿದ, ಸಾಹುಕಾರನ ಮುಖವನ್ನು ನೋಡಿದ.

“ನಿಮ್ಮ ಅಜ್ಜನ ಗಂಟಿಗೆ ದನಿ ಕೂಡಿಸೂದು ಕಲಿಯಾಕ ನನಗ ಹನ್ನೊಂದು ವರ್ಷ ಹಿಡೀತು. ನಮ್ಮಪ್ಪ ಇಕ್ಕಳದಿಂದ ಬಡದು ಕಲಿಸ್ಯಾನ. ಈಗ ಕೂಡಲಾರದಂಗ ಮಾಡು ಅಂತೀರಿ.”

“ಕೂಡದ ಹಾಗೆ ಮಾಡು ಎಂದು ಯಾರು ಹೇಳಿದರು? ಲಗಮವ್ವನ ಗಂಟೆಗೆ ಕೂಡಿಸು.”

“ಅದನ್ನ ನಾ ಕೇಳಿಲ್ಲ.”

“ನಾನೂ ಕೇಳಿಲ್ಲ.”

“ಕೇಳಲಾರದ ಗಂಟಿಗೆ ಹೆಂಗ ಕೂಡಸ್ಲಿ? ಕೊಡದಾಗ ನೀರು ಬಿದ್ದಂಗ, ತಡದು! ಆಕಿ ಕೂಡ ಹೋಗಿ ನೀರು ತುಂಬ್ಲೇನು ನಾನು?”

ಹೀಗೆ ಗೊಣಗಿದವನು ಮಧ್ಯಾಹ್ನ ಹಿತ್ತಲಲ್ಲಿ ಬರಿಗೊಡ ಇಟ್ಟು, ಚರಿಗೆಯಿಂದ ನೀರು ಹೊಯ್ಯುತ್ತ ಕೂತಿದ್ದನ್ನು ವ್ಯಾಪಾರಿ ಕಂಡ. ಕಂಡೂ ಕಾಣದಂತೆ ಹೋದ. ಕಸುಬುದಾರನ ಸ್ವಾಭಿಮಾನವನ್ನು ಕೆಣಕಿದ ಮೇಲೆ ಅವನನ್ನು ಅವನ ಪಾಡಿಗೆ ಬಿಡಬೇಕು. ಐದನೆಯ ದಿನ ಕಂಚುಗಾರ ಮೂರು ಗಂಟೆ ತಂದಿಟ್ಟ. ಅಳತೆ ಒಂದೇ. ಒಂದರ ತುಟಿ ದಪ್ಪ, ಒಂದರದು ತೆಳುವು, ಒಂದರದು ನಡುವೆ. ಮೂರರದೂ ಮೂರು ದನಿ. ಅಜ್ಜನ ಗಂಟೆಯ ಪಕ್ಕ ಬಾರಿಸಿದರೆ ಒಂದೂ ಕೂಡುತ್ತಿರಲಿಲ್ಲ. ಇದೇ ಮೊದಲ ಸಲ ಅಂಥ ಗಂಟೆ ಮೂಸೆಗೆ ತಿರುಗಿ ಹೋಗಲಿಲ್ಲ.

ಈಗ ಕಾಗದ ಬರೆಯಬೇಕಾಯಿತು. ವ್ಯಾಪಾರಿ ಕೂತು, ಕೈಯ ರೂಢಿಯಂತೆ, ‘ನಮ್ಮಲ್ಲಿ ಮೂರು ತಲೆಮಾರಿನಿಂದ’ ಎಂದು ಬರೆದ. ಹೊಡೆದುಹಾಕಿದ. ಲಗಮವ್ವನ ಆಕಳಿಗೂ ತನ್ನ ಅಜ್ಜನಿಗೂ ಏನು ಸಂಬಂಧ? ಎರಡನೆಯ ಸಲ, ‘ನಿಮ್ಮ ಕಷ್ಟ ಕಂಡು ಕರುಳು ಕರಗಿತು’ ಎಂದು ಬರೆದ. ಅದನ್ನೂ ಹೊಡೆದುಹಾಕಿದ. ಕರುಳು ಕರಗಿರಲಿಲ್ಲ. ಅವನಿಗೆ ಗಂಟೆ ಮಾರಬೇಕಿತ್ತು, ಅವಳಿಗೆ ಗಂಟೆ ಬೇಕಿತ್ತು. ಅದರಲ್ಲಿ ಮುಚ್ಚುವಂಥದ್ದು ಏನೂ ಇರಲಿಲ್ಲ. ಮೂರನೆಯ ಸಲ ಬರೆದದ್ದು ಇಷ್ಟು:

‘ಲಗಮವ್ವನವರಿಗೆ. ನಿಮ್ಮ ಅತ್ತೆಯ ಗಂಟೆಯ ದನಿಯನ್ನು ನಾನು ಕೇಳಿಲ್ಲ. ನೀವು ಕೇಳಿದ್ದೀರಿ, ನಿಮ್ಮ ಆಕಳು ಕೇಳಿದೆ. ಮೂರು ಗಂಟೆ ಕಳಿಸಿದ್ದೇನೆ. ಯಾವುದಕ್ಕೆ ಆಕಳು ಕಿವಿ ನಿಮಿರಿಸುತ್ತದೋ ಅದನ್ನು ಇಟ್ಟುಕೊಂಡು ಬೆಲೆ ಕಳಿಸಿ, ಉಳಿದೆರಡನ್ನು ಇದೇ ಬಸ್ಸಿನವರ ಕೈಗೆ ಕೊಡಿ. ಮೂರೂ ಆಗದಿದ್ದರೆ ಮೂರನ್ನೂ ಕೊಡಿ, ಎಲ್ಲಿ ತಪ್ಪಿತೆಂದು ಹೇಳಿ ಕಳಿಸಿ. ಮತ್ತೆ ಎರೆಯುತ್ತೇವೆ.’

ಇಲ್ಲಿ ಅಡಿವೆಪ್ಪ ತನ್ನ ವಹಿ ಬಿಚ್ಚಿದ. ಸೀಸದ ಕಡ್ಡಿ ಸರಸರನೆ ಓಡಿತು. ಗುರುಗಳು ಕತೆ ನಿಲ್ಲಿಸಿ, ಅವನು ಬರೆದು ಮುಗಿಸುವವರೆಗೆ ಎಲೆಗೆ ಸುಣ್ಣ ಹಚ್ಚುತ್ತ ಕಾದರು. ಒಂದು ಮಾತು ತಪ್ಪಿತೆಂದು ಅವನು ಮತ್ತೆ ಕೇಳಿದಾಗ ಮತ್ತೆ ಹೇಳಿದರು. ಆಮೇಲೆ ಮುಂದುವರಿಸಿದರು.

ಕಾಗದ ಬಂದ ಸಂಜೆ ಲಗಮವ್ವ ಶಾಲೆಯ ಕಟ್ಟೆಗೆ ಹೋದಳು. ಅದೇ ಸಾಹುಕಾರನ ಕಾಗದ ಎಂದು ತಿಳಿದು ನಾಲ್ಕು ಜನ ನಗಲು ಕೂಡಿದರು. ಮಾಸ್ತರು ‘ಅದ’ ಎಂದು ಹೇಳುವ ತಯಾರಿಯಲ್ಲೇ ಬಿಚ್ಚಿದರು. ಮೊದಲ ಸಾಲು ಓದಿ ನಿಂತರು. ಕನ್ನಡಕ ಸರಿಮಾಡಿಕೊಂಡು ಮತ್ತೆ ಮೊದಲಿನಿಂದ, ನಿಧಾನವಾಗಿ ಓದಿದರು. ಯಾರೂ ನಗಲಿಲ್ಲ.

ಮರುದಿನ ಕೊಟ್ಟಿಗೆಯಲ್ಲಿ ಆಕಳನ್ನು ಮೇವಿಗೆ ಕಟ್ಟಿ, ಲಗಮವ್ವ ಗೋಡೆಯ ಹಿಂದೆ ನಿಂತು ಒಂದೊಂದೇ ಗಂಟೆ ಬಾರಿಸಿದಳು. ದಪ್ಪ ತುಟಿಯದಕ್ಕೆ ಆಕಳು ಮೇಯುತ್ತಲೇ ಇತ್ತು. ತೆಳುವಿನದಕ್ಕೂ ಮೇಯುತ್ತಿತ್ತು. ನಡುವಿನದಕ್ಕೆ ಬಾಯಾಡಿಸುವುದನ್ನು ನಿಲ್ಲಿಸಿ ತಿರುಗಿ ನೋಡಿತು. ನೆರೆಯವರು ಆಯಿತು ಎಂದರು. ಲಗಮವ್ವ ಆಗಲಿಲ್ಲ ಎಂದಳು. ಮೂರನ್ನೂ ಬಸ್ಸಿಗೆ ಹಾಕಿ, ಮಾಸ್ತರ ಕೈಯಲ್ಲಿ ಬರೆಸಿ ಕಳಿಸಿದಳು: ‘ನಡುವಿಂದು ಆಕಳಿಗೆ ಆತು. ನನಗ ಇನ್ನೊಂದೀಟು ತಡೀಬೇಕು.’

ಅದನ್ನು ಓದಿಸಿಕೊಂಡ ಕಂಚುಗಾರ ಕೆಂಡವಾಗಲಿಲ್ಲ. ಗಂಟೆ ಎತ್ತಿಕೊಂಡು ಕಿವಿಯ ಹತ್ತಿರ ಹಿಡಿದ. “ಖರೇ ಐತಿ ಆಕಿ ಮಾತು,” ಎಂದ. “ನಾಲಿಗಿ ಹಗುರ ಆಗೇತಿ.” ನಾಲಗೆಯನ್ನು ಬದಲಿಸಿದ, ತುಟಿಯ ಒಳಗೆ ಅರದಿಂದ ನಾಲ್ಕು ಎಳೆದ. ಎರಡನೆಯ ಸಲ ಹೋದ ಗಂಟೆ ತಿರುಗಿ ಬರಲಿಲ್ಲ. ಅದರ ಬೆಲೆ ಬಂತು, ಬಟ್ಟೆಯಲ್ಲಿ ಕಟ್ಟಿ, ಚೌಕಾಸಿಯಿಲ್ಲದೆ.

ಲಗಮವ್ವ ಮತ್ತೆ ಬಂಡೆಯ ಮೇಲೆ ಕಣ್ಣು ಮುಚ್ಚಿ ನಿಂತಳು. ಮೊದಲ ಸಂಜೆ ಅವಳು “ಬಂತು ನಂದು” ಎಂದಾಗ ಉಳಿದ ಹೆಂಗಸರು ತಮ್ಮ ತಮ್ಮ ಗಂಟೆಯನ್ನು ಬಿಟ್ಟು ಅವಳದನ್ನು ಕೇಳಿದರಂತೆ.

ಎಂಟು ದಿನದ ಮೇಲೆ ವ್ಯಾಪಾರಿಗೆ ಒಂದು ಕಾಗದ ಬಂತು. ಮಾಸ್ತರ ಅಕ್ಷರ, ಸಿದ್ರಾಯನ ಮಾತು: ‘ಲಗಮವ್ವಗ ಬರದ್ರಿ, ನನಗ್ಯಾಕ ಬರೀಲಿಲ್ಲ? ನಮ್ಮ ಗಂಟಿ ಒಡದಿಲ್ಲ, ಗಟ್ಟಿ ಐತಿ. ಆದ್ರ ಈ ಸಲ ಕರು ಆಗೇತಿ. ಅದಕ್ಕ ಒಂದು ಬೇಕು. ದನಿ ತಾಯೀದ ಇರ್ಲಿ, ಆದ್ರ ಸಣ್ಣ ಹುಡುಗಿ ಮಾತಾಡಿದಂಗ ಇರ್ಲಿ. ನಮ್ಮದು ಹೆಂಗೈತಿ ಅಂದ್ರ, ಲಗಮವ್ವಂದಕ್ಕಿಂತ ಒಣಾ, ಬಾಳವ್ವಂದಕ್ಕಿಂತ ಹಸಿ. ಉತ್ತರಾ ನನ್ನ ಹೆಸರಿಗೆ ಬರೀರಿ. ಓದಿಸಿಕೊಳ್ಳಾಕ ಬರ್ತೇನಿ.’

ವ್ಯಾಪಾರಿ ಸಿದ್ರಾಯನಿಗೆ ಬರೆದ. ಲಗಮವ್ವನಿಗೆ ಬರೆದದ್ದನ್ನಲ್ಲ. ಕರುವಿಗೆ ಎಷ್ಟು ತಿಂಗಳು, ಕೊರಳಿಗೆ ಎಷ್ಟು ಭಾರ ತಡೆಯುತ್ತದೆ, ಬೆಳೆದ ಮೇಲೆ ಗಂಟೆ ಬದಲಿಸುವ ರೂಢಿಯಿದೆಯೇ, ಇಷ್ಟನ್ನೇ ಕೇಳಿದ. ಆ ಕಾಗದ ಓದಿಸಿಕೊಳ್ಳಲು ಸಿದ್ರಾಯ ಮತ್ತೆ ಹೊಸ ರುಮಾಲು ಸುತ್ತಿಕೊಂಡು ಬಂದ. ಎರಡು ಸಲ ಓದಿಸಿದ. ಆಮೇಲೆ ಮಡಚಿ ರುಮಾಲಿನೊಳಗೆ ಇಟ್ಟುಕೊಂಡ. ಚಹಾದಂಗಡಿಯವನು ಭಜಿಗೆ ಕಾಗದ ಕೇಳಿದರೆ ಕೊಡಲಿಲ್ಲ.

ಆಮೇಲೆ ಬಾಳವ್ವ ಬರೆಸಿದಳು. ಯಲ್ಲೋಜಿ ಬರೆಸಿದ. ಬಾವಿಯೊಳಗೆ ಕಲ್ಲು ಬಿದ್ದ ಹಾಗೆ ಎಂದು ಒಬ್ಬರು, ಅಕ್ಕಸಾಲಿ ದೂರದಲ್ಲಿ ಬಡಿದ ಹಾಗೆ ಎಂದು ಇನ್ನೊಬ್ಬರು. ಸೀಳಿದ್ದ ಗಂಟೆ, ಕಳೆದುಹೋಗಿದ್ದ ಗಂಟೆ, ಸೊಸೆ ಬೇರೆ ಮನೆ ಮಾಡಿದ್ದರಿಂದ ಹೊಸದಾಗಿ ಬೇಕಾದ ಗಂಟೆ. ಕೆಳಗಿನ ನಾಲ್ಕು ಹಳ್ಳಿಗೂ ಸುದ್ದಿ ಹೋಯಿತು. ಮುನ್ನೂರು ಕಾಗದ ಬರೆದಾಗ ಬಾಯಿ ತೆರೆಯದಿದ್ದ ಜನ, ಒಂದು ಕಾಗದ ಬರೆದ ಮೇಲೆ ತಾವೇ ಬರೆಯತೊಡಗಿದರು. ವ್ಯಾಪಾರಿ ಅಷ್ಟಕ್ಕೂ ಒಂದೊಂದಾಗಿ ಉತ್ತರ ಬರೆದ. ಬೆರಳು ನೋಯುತ್ತಿತ್ತು. ಅಚ್ಚು ಹಾಕಿಸಿದ್ದರೆ ಬೆರಳು ಉಳಿಯುತ್ತಿತ್ತು, ಕುಲುಮೆ ಆರುತ್ತಿತ್ತು.

ಪಾಡ್ಯದ ದಿನ ಎರಡು ಕುಲುಮೆಗೆ ಪೂಜೆಯಾಯಿತು. ಕಂಚುಗಾರನ ಅಳಿಯ ನಳದ ಕಾರಖಾನೆ ಬಿಟ್ಟು ಬಂದು ತಿದಿ ಒತ್ತಿದ. ಅಜ್ಜನ ಗಂಟೆಯನ್ನು ಬಾಗಿಲಿನಿಂದ ಇಳಿಸಬೇಕೇ ಎಂದು ವ್ಯಾಪಾರಿ ಕೇಳಿದ.

“ಯಾಕ ಇಳಸ್ತೀರಿ?” ಎಂದ ಕಂಚುಗಾರ. “ಅದು ಜೋಡೆತ್ತಿನವರ ದನಿ. ಅವರು ಬಂದ್ರ ಬೇಕಾಕ್ಕೈತಿ.”

ಚಳಿಗಾಲ ಮುಗಿಯುವ ಹೊತ್ತಿಗೆ ವ್ಯಾಪಾರಿ ಕಂಚುಗಾರನನ್ನು ಕರೆದುಕೊಂಡು ಗುಡ್ಡ ಹತ್ತಿದ. ಸಂಜೆ ಇಬ್ಬರೂ ಬಂಡೆಯ ಮೇಲೆ, ಹೆಂಗಸರ ಹಿಂದೆ ನಿಂತರು. ಕಾಡಿನೊಳಗಿಂದ ಗಂಟೆಗಳ ಸದ್ದು ಏರಿ ಬಂತು. ವ್ಯಾಪಾರಿ ಕಣ್ಣು ಮುಚ್ಚಿದ. ಈಗ ಗದ್ದಲ ಇರಲಿಲ್ಲ. ಇದು ಲಗಮವ್ವನದು, ತಡೆದು ಬರುತ್ತಿದೆ. ಇದು ಬಾಳವ್ವನದು. ಇದರ ಹಿಂದೆಯೇ ಸಣ್ಣ ಹುಡುಗಿ ಮಾತಾಡಿದಂತೆ ಓಡಿ ಬರುತ್ತಿರುವುದು ಸಿದ್ರಾಯನ ಕರು.

ಕಂಚುಗಾರನ ಕಿವಿ ಒಂದೊಂದೇ ಗಂಟೆ ಕೇಳಿ ಪಳಗಿದ್ದು, ನಲವತ್ತನ್ನು ಒಟ್ಟಿಗೆ ಕೇಳಿದ್ದು ಇದೇ ಮೊದಲು. ಅವನು ಸಾಹುಕಾರನ ತೋಳು ಹಿಡಿದು ಕೇಳಿದ.

“ಇದ್ರಾಗ ನಮ್ಮವು ಯಾವುವ್ರಿ?”

“ನಮ್ಮದು ಒಂದೂ ಇಲ್ಲ,” ಎಂದ ವ್ಯಾಪಾರಿ. ಸಂತೆಯಲ್ಲಿ ನಡೆಯುವಾಗ ಮುಂದೆ ಮಾಡುತ್ತಿದ್ದ ಎದೆ ಆ ಮಾತಿಗೆ ಇನ್ನೂ ಒಂದು ಗೇಣು ಮುಂದೆ ಬಂದಿತ್ತು.

ಗುರುಗಳು ಕತೆ ಮುಗಿಸಿದರು.

ಅಡಿವೆಪ್ಪನ ಮುಖ ಅರಳಿತ್ತು. ವಹಿಯ ಆ ಪುಟವನ್ನು ಅವನು ಆಗಲೇ ಎರಡು ಸಲ ಓದಿಕೊಂಡಿದ್ದ. ‘ಆಕಳು’ ಇದ್ದಲ್ಲಿ ‘ಮನೆಮಂದಿ’ ಎಂದೂ ‘ಗಂಟೆ’ ಇದ್ದಲ್ಲಿ ‘ಎಣ್ಣೆ’ ಎಂದೂ ಮೇಲೆ ಸಣ್ಣಗೆ ತಿದ್ದಿದ್ದ.

“ಗುರುಗಳೆ, ದೊಡ್ಡ ಉಪಕಾರವಾಯಿತು,” ಎಂದ. “ಇಂಥದೊಂದು ಕಾಗದವನ್ನೇ ನಾನು ಹುಡುಕುತ್ತಿದ್ದೆ. ನಾಳೆಯೇ ಅಚ್ಚಿನವನಿಗೆ ಕೊಡುತ್ತೇನೆ. ಮತ್ತೆ ಐನೂರು ಹಾಕಿಸಿದರೆ ಸಾಕೋ, ಸಾವಿರವೋ?”

ಗುರುಗಳು ಕೈ ಚಾಚಿ ವಹಿ ಈಸಿಕೊಂಡರು. ಕಿಟಕಿಯ ಬೆಳಕಿಗೆ ಹಿಡಿದು, ತಿದ್ದಿದ್ದನ್ನೂ ಬಿಡದೆ, ಪೂರ್ತಿ ಓದಿದರು. ಮಡಚಿ ಅವನ ಕೈಗೆ ತಿರುಗಿ ಕೊಟ್ಟರು.

“ಕಾಗದ ಚಲೋ ಐತಿ, ತಮ್ಮಾ. ಯಾರದು?”